ಹಾರ್ಪಿನ ಗುರುತಿನ ಬೆಳ್ಳಿ: ಐರ್ಲೆಂಡಿನ ಹಳೆಯ ನಾಣ್ಯಗಳ ಕಥೆ

1601ನೆಯ ಇಸವಿಯ ಮಾತು. ಐರ್ಲೆಂಡಿನ ಡ್ರಾಹೆಡಾ ಎಂಬ ಪಟ್ಟಣದಲ್ಲಿ ಬ್ರೆಟ್ ಎಂಬ ವರ್ತಕನಿದ್ದನು. ಅವನು ಲಂಡನ್ ನಗರದ ಗಿಲ್ಬರ್ಟ್ ಎಂಬ ವ್ಯಾಪಾರಿಯಿಂದ ಸರಕನ್ನು ಕೊಂಡು, ನೂರು ಪೌಂಡುಗಳಿಗೆ ಕರಾರುಪತ್ರ ಬರೆದುಕೊಟ್ಟನು. ಪತ್ರದ ಒಕ್ಕಣೆ ಸ್ಪಷ್ಟವಾಗಿದ್ದಿತು: ಗೊತ್ತಾದ ದಿನ, ಡಬ್ಲಿನ್ ನಗರದ ಕ್ರೈಸ್ಟ್ ಚರ್ಚಿನಲ್ಲಿ, ಸ್ಟ್ರಾಂಗ್‌ಬೋ ಎಂಬ ಸರದಾರನ ಗೋರಿಯ ಬಳಿ, ಇಂಗ್ಲೆಂಡಿನಲ್ಲಿ ಸಲ್ಲುವ ನ್ಯಾಯವಾದ ನಾಣ್ಯದಲ್ಲಿ ನೂರು ಪೌಂಡುಗಳನ್ನು ಸಲ್ಲಿಸತಕ್ಕದ್ದು.

ಗೋರಿಯ ಮುಂದೆ ಹಣ ಎಣಿಸುವುದು ನಮಗೆ ವಿಚಿತ್ರವಾಗಿ ತೋರಬಹುದು. ಆದರೆ ಡಬ್ಲಿನ್ನಿನ ವರ್ತಕರಿಗೆ ಅದು ವಾಡಿಕೆಯ ಸ್ಥಳ. ದೇವರ ಸನ್ನಿಧಿಯಲ್ಲಿ, ನಾಲ್ಕು ಜನ ನೋಡುತ್ತಿರಲು ಕೊಟ್ಟ ಹಣಕ್ಕೆ ಬೇರೆ ಸಾಕ್ಷಿ ಏತಕ್ಕೆ?

ಸಾಲ ತೀರಿಸುವ ದಿನ ಬರುವಷ್ಟರಲ್ಲಿ ಕಾಲ ಬದಲಾಗಿತ್ತು. ಇಂಗ್ಲೆಂಡಿನ ರಾಣಿ ಒಂದನೆಯ ಎಲಿಜಬೆತ್ ಐರ್ಲೆಂಡಿನಲ್ಲಿ ದೊಡ್ಡ ಯುದ್ಧವೊಂದನ್ನು ನಡೆಸುತ್ತಿದ್ದಳು. ಸೈನಿಕರ ಸಂಬಳಕ್ಕೆ ಬೊಕ್ಕಸದಲ್ಲಿ ಬೆಳ್ಳಿ ಸಾಲದಾಗಲು, ಅವಳು ಐರ್ಲೆಂಡಿಗೆಂದೇ ಹೊಸ ನಾಣ್ಯಗಳನ್ನು ಅಚ್ಚು ಹಾಕಿಸಿ ಕಳುಹಿಸಿದಳು. ನಾಲ್ಕು ಪಾಲಿನಲ್ಲಿ ಒಂದು ಪಾಲು ಮಾತ್ರ ಬೆಳ್ಳಿ, ಉಳಿದುದು ಬೆರಕೆ. ಆದರೆ ಷಿಲ್ಲಿಂಗನ್ನು ಷಿಲ್ಲಿಂಗೆಂದೇ ಎಲ್ಲರೂ ಸ್ವೀಕರಿಸಬೇಕೆಂದು 1601ರ ಮೇ ತಿಂಗಳಿನಲ್ಲಿ ಡಂಗುರ ಸಾರಲಾಯಿತು.

ಬ್ರೆಟ್ ಈ ಬೆರಕೆ ನಾಣ್ಯಗಳನ್ನೇ ತಂದು ನೂರು ಪೌಂಡು ಲೆಕ್ಕ ಹಾಕಿ ಕೊಡಲು ಬಂದನು. ಗಿಲ್ಬರ್ಟನ ಕಡೆಯವರು ಒಪ್ಪಲಿಲ್ಲ. ಅವರು ಕೊಟ್ಟ ಸರಕು ಅಪ್ಪಟವಾದುದು. ಬಂದ ಹಣದಲ್ಲಿ ಬೆಳ್ಳಿ ಕಾಲು ಪಾಲು! ವ್ಯಾಜ್ಯ ಡಬ್ಲಿನ್ನಿನ ರಾಜಮಂಡಲಿಯ ಮುಂದೆ ಬಂದಿತು. ನ್ಯಾಯಾಧೀಶರು ಕೂಲಂಕಷವಾಗಿ ವಿಚಾರಿಸಿ 1605ರಲ್ಲಿ ಕೊಟ್ಟ ತೀರ್ಮಾನ ಬ್ರೆಟ್ಟನ ಪರವಾಗಿದ್ದಿತು. ನಾಣ್ಯಕ್ಕೆ ಬೆಲೆ ಕಟ್ಟುವ ಅಧಿಕಾರ ದೊರೆಯದು. ಸಾಲ ತೀರಿಸುವ ದಿನ, ಆ ಸ್ಥಳದಲ್ಲಿ, ದೊರೆಯ ಅಪ್ಪಣೆಯಂತೆ ಯಾವುದು ಸಲ್ಲುವುದೋ ಅದೇ ನ್ಯಾಯವಾದ ನಾಣ್ಯ. ಅದರಲ್ಲಿ ಬೆಳ್ಳಿ ಎಷ್ಟಿದೆ ಎಂದು ಕೇಳುವಂತಿಲ್ಲ.

‘ಬೆರಕೆ ನಾಣ್ಯದ ಮೊಕದ್ದಮೆ’ ಎಂದು ಹೆಸರಾದ ಈ ತೀರ್ಪನ್ನು ಕಾನೂನು ಪಂಡಿತರು ಇಂದಿಗೂ ಚರ್ಚಿಸುತ್ತಾರೆ. ನಾವಿಂದು ಕಾಗದದ ನೋಟನ್ನು ಕೊಟ್ಟು ಅಕ್ಕಿ ಬೇಳೆಗಳನ್ನು ತರುವುದೂ ಇದೇ ತತ್ತ್ವದ ಬಲದಿಂದಲೇ. ಆದರೆ ಗಿಲ್ಬರ್ಟನ ನೋವನ್ನೂ ನಾವು ಮರೆಯುವಂತಿಲ್ಲ. ನಾಣ್ಯದ ಬೆಲೆ ಎಲ್ಲಿದೆ? ಅದರ ಮೇಲೆ ಕೊರೆದ ಮಾತಿನಲ್ಲಿಯೋ, ಒಳಗಿರುವ ಬೆಳ್ಳಿಯಲ್ಲಿಯೋ? ಈ ಪ್ರಶ್ನೆ ಐರ್ಲೆಂಡಿನ ಜನರನ್ನು ಕಾಡಿದಷ್ಟು ದೀರ್ಘಕಾಲ ಬೇರೆ ಜನರನ್ನು ಕಾಡಿರುವುದು ವಿರಳ. ಆ ನಾಡಿನ ಹಳೆಯ ಬೆಳ್ಳಿ ನಾಣ್ಯಗಳ ಕಥೆಯೆಲ್ಲ ಈ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳ ಕಥೆಯೇ ಆಗಿದೆ.

ರೇಷ್ಮೆಗಡ್ಡದ ರಾಜ

ಒಂದು ಸಾವಿರ ವರ್ಷಗಳ ಹಿಂದಿನವರೆಗೂ ಐರ್ಲೆಂಡಿನಲ್ಲಿ ನಾಣ್ಯವನ್ನು ಅಚ್ಚು ಹಾಕುವವರೇ ಇರಲಿಲ್ಲ. ನಮ್ಮ ಪೂರ್ವಿಕರು ಗೋಧನವೆಂದು ಕರೆದುದೇ ಅವರಿಗೂ ಧನವಾಗಿದ್ದಿತು. ದಂಡ, ತೆರವು, ಕಪ್ಪಕಾಣಿಕೆ ಎಲ್ಲವೂ ಹಸುಗಳ ಲೆಕ್ಕದಲ್ಲಿಯೇ. ‘ಕುಮಲ್’ ಎಂಬುದು ಹೆಚ್ಚಿನ ಬೆಲೆಯ ಒಂದು ಅಳತೆ. ಆ ಮಾತಿನ ಮೂಲಾರ್ಥ ದಾಸಿ ಎಂಬುದನ್ನು ತಿಳಿದಾಗ ಮನಸ್ಸು ಮುದುಡುತ್ತದೆ. ಬೆಳ್ಳಿ ಇದ್ದಿತು, ಆದರೆ ಅದನ್ನು ತೂಗಿ ಕೊಡುತ್ತಿದ್ದರು.

ಉತ್ತರ ದೇಶಗಳಿಂದ ಹಡಗುಗಳಲ್ಲಿ ಬಂದ ವೈಕಿಂಗರು 841ರಲ್ಲಿ ಡಬ್ಲಿನ್ನಿನಲ್ಲಿ ಬೀಡುಬಿಟ್ಟರು. ಮೊದಲು ಕೊಳ್ಳೆ ಹೊಡೆಯಲು ಬಂದವರು ಕಾಲಕ್ರಮದಲ್ಲಿ ವ್ಯಾಪಾರಿಗಳಾದರು. ಅವರೊಡನೆ ಬೆಳ್ಳಿಯ ಬಳೆಗಳು, ಗಟ್ಟಿಗಳು, ದೂರದ ಅರಬ್ಬೀ ನಾಡುಗಳ ದಿರ್ಹಮ್ ನಾಣ್ಯಗಳು ಸಹ ಬಂದುವು. ಬೇಕಾದಷ್ಟು ಬೆಳ್ಳಿಯನ್ನು ಬಳೆಯಿಂದ ಕತ್ತರಿಸಿ ತಕ್ಕಡಿಯಲ್ಲಿ ಹಾಕುವುದು ಅವರ ರೂಢಿ. ಹೀಗೆ ಕತ್ತರಿಸಿದ ತುಣುಕುಗಳು ಆಗಾಗ್ಗೆ ನೆಲದಡಿಯ ನಿಕ್ಷೇಪಗಳಲ್ಲಿ ದೊರೆಯುತ್ತವೆ.

997ರ ಸುಮಾರಿಗೆ ಡಬ್ಲಿನ್ನಿನ ವೈಕಿಂಗ್ ದೊರೆ ಸಿಟ್ರಿಕ್ ಎಂಬಾತನು ಐರ್ಲೆಂಡಿನ ಮೊಟ್ಟಮೊದಲ ನಾಣ್ಯವನ್ನು ಹೊರಡಿಸಿದನು. ರೇಷ್ಮೆಗಡ್ಡದವನೆಂದು ಅವನಿಗೆ ಅಡ್ಡಹೆಸರು. ಅವನ ಬೆಳ್ಳಿ ಪೆನ್ನಿಯ ತೂಕ ಒಂದೂವರೆ ಗ್ರಾಮಿನ ಆಸುಪಾಸು. ಅಗಲ ಉಗುರಿಗಿಂತ ಸ್ವಲ್ಪ ದೊಡ್ಡದು. ಅದರ ಮಾದರಿ ಅವನದಲ್ಲ. ಆಗಿನ ಇಂಗ್ಲೆಂಡಿನ ದೊರೆ ಎಥೆಲ್‌ರೆಡ್ಡನ ಪೆನ್ನಿಯನ್ನು ಅವನ ಕುಶಲಿಗಳು ಹಾಗೆಹಾಗೆಯೇ ಅನುಕರಿಸಿದರು. ಒಂದು ಕಡೆ ರಾಜನ ಮುಖ. ಇನ್ನೊಂದು ಕಡೆ ಶಿಲುಬೆ. ಸುತ್ತಲೂ ‘ಡಬ್ಲಿನ್ನಿನ ದೊರೆ ಸಿಟ್ರಿಕ್’ ಎಂಬರ್ಥದ ಅಕ್ಷರಗಳು. ಇಂಗ್ಲೆಂಡಿನ ಪೆನ್ನಿಯನ್ನು ಎಲ್ಲ ರೇವುಗಳ ವರ್ತಕರೂ ನಂಬುತ್ತಿದ್ದರು. ಆ ನಂಬಿಕೆಯನ್ನು ಸಾಲವಾಗಿ ಪಡೆದು ತನ್ನ ನಾಣ್ಯವನ್ನು ನಡೆಸುವುದು ಸಿಟ್ರಿಕ್ಕನ ಉಪಾಯ.

ಈ ಸಿಟ್ರಿಕ್ಕನ ಬಾಳು ಕಾದಂಬರಿಗೆ ಕಡಮೆಯಾದುದಲ್ಲ. ಐರಿಷ್ ಜನರ ಮಹಾವೀರ ಬ್ರಿಯಾನ್ ಬೊರು ಒಂದು ಕಾಲದಲ್ಲಿ ಸಿಟ್ರಿಕ್ಕನ ತಾಯಿಯನ್ನು ಮದುವೆಯಾಗಿದ್ದನು. ಸಿಟ್ರಿಕ್ ಬ್ರಿಯಾನನ ಮಗಳನ್ನು ಕೈಹಿಡಿದಿದ್ದನು. ಹೀಗೆ ಎರಡು ಕಡೆಯಿಂದ ನೆಂಟನಾದವನೇ ಕಡೆಗೆ ಎದುರಾಳಿಗಳ ಕೂಟ ಕಟ್ಟಿದನು. 1014ರ ಶುಭ ಶುಕ್ರವಾರದ ದಿನ ಕ್ಲಾಂಟಾರ್ಫ್ ಎಂಬಲ್ಲಿ ಘೋರ ಕದನವಾಯಿತು. ಬ್ರಿಯಾನನ ಪಕ್ಷ ಗೆದ್ದಿತು. ಬ್ರಿಯಾನ್ ಮಾತ್ರ ಮಡಿದನು. ಸಿಟ್ರಿಕ್ ಕೋಟೆಯನ್ನು ಕಾಯುತ್ತ ಒಳಗೇ ಉಳಿದುದರಿಂದ ಬದುಕಿಕೊಂಡನು. ಮುಂದೆ 1028ರಲ್ಲಿ ರೋಮಿಗೆ ಯಾತ್ರೆ ಹೋಗಿ ಬಂದು ಡಬ್ಲಿನ್ನಿನಲ್ಲಿ ಚರ್ಚೊಂದನ್ನು ಕಟ್ಟಿಸಿದನು. ಆರು ಶತಮಾನಗಳ ತರುವಾಯ ಬ್ರೆಟ್ ಸಾಲ ತೀರಿಸಬೇಕಾಗಿದ್ದ ಕ್ರೈಸ್ಟ್ ಚರ್ಚೇ ಅದು.

ಸಿಟ್ರಿಕ್ಕನ ನಂತರ ಡಬ್ಲಿನ್ನಿನ ನಾಣ್ಯಗಳು ವರುಷ ವರುಷಕ್ಕೂ ಇಳಿದುವು. ತೂಕ ತಗ್ಗಿತು. ಅಕ್ಷರ ಬಾರದ ಕೆಲಸಗಾರರು ಹಳೆಯ ಅಚ್ಚನ್ನು ನೋಡಿ ನೋಡಿ ಕೊರೆದುದರಿಂದ ಅಕ್ಷರಗಳು ಬರಿಯ ಗೀರುಗಳಾದುವು. ಹನ್ನೆರಡನೆಯ ಶತಮಾನದಲ್ಲಿ ಒಂದೇ ಮಗ್ಗುಲಿಗೆ ಮುದ್ರೆಯೊತ್ತಿದ, ಕಾಗದದಂತೆ ತೆಳುವಾದ ತಗಡುಗಳು ಸಹ ಹುಟ್ಟಿದುವು. ಇಂದು ನಾಣ್ಯಶಾಸ್ತ್ರಜ್ಞರು ಈ ಗೀರುಗಳ ಮೇಲೆಯೇ ಭೂತಗನ್ನಡಿ ಹಿಡಿದು ಕಾಲವನ್ನು ಗೊತ್ತುಮಾಡುತ್ತಾರೆ.

ತ್ರಿಕೋಣದೊಳಗಿನ ರಾಜ

1169ರಿಂದ ನಾರ್ಮನ್ ಸರದಾರರು ಐರ್ಲೆಂಡಿಗೆ ಬರತೊಡಗಿದರು. ಸ್ಟ್ರಾಂಗ್‌ಬೋ ಅವರಲ್ಲಿ ಪ್ರಮುಖನು. ಅವರ ಹಿಂದೆಯೇ ಇಂಗ್ಲೆಂಡಿನ ಅರಸರ ಅಧಿಕಾರವೂ ಬಂದಿತು. ಜಾನ್ ದೊರೆಯ ಕಾಲದಲ್ಲಿ, 1207ರ ಸುಮಾರಿಗೆ, ಐರ್ಲೆಂಡಿಗೆಂದು ಹೊರಟ ಪೆನ್ನಿಗಳಲ್ಲಿ ರಾಜನ ಮುಖವನ್ನು ತ್ರಿಕೋಣದೊಳಗೆ ಕೂರಿಸಿದರು. ಕೆಲವರು ಆ ತ್ರಿಕೋಣದಲ್ಲಿ ಹಾರ್ಪ್ ವಾದ್ಯದ ಆಕಾರವನ್ನು ಕಾಣುತ್ತಾರೆ. ಅದು ಹೇಗೇ ಇರಲಿ, ಈ ಪೆನ್ನಿಯ ಬೆಳ್ಳಿ ಮಾತ್ರ ಇಂಗ್ಲೆಂಡಿನ ಪೆನ್ನಿಯ ಬೆಳ್ಳಿಗೆ ಸರಿಸಮನಾಗಿದ್ದಿತು.

ಸರಿಸಮನಾಗಿದ್ದುದೇ ತೊಂದರೆಗೂ ಕಾರಣವಾಯಿತು. ಒಳ್ಳೆಯ ಬೆಳ್ಳಿ ನಾಡಿನಲ್ಲಿ ನಿಲ್ಲಲಿಲ್ಲ. ಇಂಗ್ಲೆಂಡಿನ ಅರಸರು ವೇಲ್ಸ್, ಸ್ಕಾಟ್ಲೆಂಡುಗಳಲ್ಲಿ ನಡೆಸಿದ ಯುದ್ಧಗಳಿಗೆ ಐರ್ಲೆಂಡಿನ ಬೊಕ್ಕಸ ಬರಿದಾಯಿತು. ಮನೆಯ ಹಸು ಕರೆದ ಹಾಲೆಲ್ಲ ನೆರೆಮನೆಯ ಪಾತ್ರೆಗೆ ಹೋದಂತಾಯಿತು. 1460ರಲ್ಲಿ ಡ್ರಾಹೆಡಾದಲ್ಲಿ ಸೇರಿದ ಐರ್ಲೆಂಡಿನ ಪಾರ್ಲಿಮೆಂಟು ಇದಕ್ಕೆ ಒಂದು ಮದ್ದು ಹುಡುಕಿತು. ಇಂಗ್ಲೆಂಡಿನ ನಾಣ್ಯದ ಮುಕ್ಕಾಲು ತೂಕದ ಪ್ರತ್ಯೇಕ ನಾಣ್ಯವನ್ನು ಅದು ವಿಧಿಸಿತು. ಹಗುರವಾದ ನಾಣ್ಯವನ್ನು ಕಡಲಾಚೆಗೆ ಹೊತ್ತು ಒಯ್ಯುವವರು ಯಾರು? ಕಡಮೆ ಬೆಲೆಯದೇ ಆದರೂ ಕೈಯಲ್ಲಿ ಉಳಿಯುವ ಹಣ ಮೇಲು ಎಂದು ಅವರು ಬಗೆದರು.

ರಾಣಿಯರ ಹೆಸರಿನ ಮೊದಲಕ್ಷರ

1534ರಲ್ಲಿ ಎಂಟನೆಯ ಹೆನ್ರಿ ಐರ್ಲೆಂಡಿಗಾಗಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ನಾಣ್ಯಗಳಲ್ಲಿ ಹಾರ್ಪ್ ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣಿಸಿಕೊಂಡಿತು. ಹಾರ್ಪ್ ಎಂಬುದು ತ್ರಿಕೋಣಾಕಾರದ ಚೌಕಟ್ಟಿಗೆ ತಂತಿಗಳನ್ನು ಬಿಗಿದು ಬೆರಳುಗಳಿಂದ ಮೀಟುವ ವಾದ್ಯ. ಐರ್ಲೆಂಡಿನಲ್ಲಿ ಅರಸರ ಆಸ್ಥಾನದ ಹಾರ್ಪ್ ವಾದಕರಿಗೆ ನಮ್ಮ ಆಸ್ಥಾನ ವೈಣಿಕರಿಗಿದ್ದಂತಹ ಮನ್ನಣೆ ಇದ್ದಿತು.

ನಾಲ್ಕು ಪೆನ್ನಿಯ ‘ಗ್ರೋಟ್’ ನಾಣ್ಯದ ಮೇಲೆ ಕಿರೀಟ ಹೊತ್ತ ಹಾರ್ಪ್. ಅದರ ಎಡಬಲಗಳಲ್ಲಿ ಎರಡು ಅಕ್ಷರಗಳು. ಮೊದಲನೆಯದು ಹೆನ್ರಿಯ ಎಚ್. ಎರಡನೆಯದು ರಾಣಿಯ ಹೆಸರಿನ ಮೊದಲಕ್ಷರ. ಆನ್ ಬೊಲಿನ್ ರಾಣಿಯಾಗಿದ್ದಾಗ ಎ. 1536ರಲ್ಲಿ ಅವಳ ತಲೆ ಉರುಳಿದ ಮೇಲೆ ಜೇನ್ ಸೀಮೋರಳ ಲ್ಯಾಟಿನ್ ಹೆಸರಿನ ಐ. 1540ರಲ್ಲಿ ಕ್ಯಾಥರಿನ್ ಹೊವರ್ಡಳಿಗಾಗಿ ಕೆ. ಅನಂತರ ರಾಣಿಯರ ಗೊಡವೆಯೇ ಬೇಡವೆಂದೋ ಏನೋ, ‘ರಾಜ’ ಎಂಬರ್ಥದ ಲ್ಯಾಟಿನ್ ಪದದ ಆರ್ ಬಂದು ನಿಂತಿತು. ಅರಮನೆಯ ಅಂತಃಪುರದ ದುರಂತ ಹೀಗೆ ಅಂಗಡಿಯವನ ಗಲ್ಲಾಪೆಟ್ಟಿಗೆಯವರೆಗೂ ಬಂದಿತು. ಈ ಅಕ್ಷರಗಳಿಂದಾಗಿಯೇ ಸಂಗ್ರಾಹಕರಿಗೆ ಈ ಗ್ರೋಟುಗಳ ಮೇಲೆ ಬಹಳ ಮೋಹ.

ಆದರೆ ಹಾರ್ಪಿನ ಗುರುತಿಗೆ ಆಗ ಇನ್ನೊಂದು ಕೆಲಸವೂ ಇದ್ದಿತು. ಈ ನಾಣ್ಯಗಳ ಬೆಳ್ಳಿ ಇಂಗ್ಲೆಂಡಿನ ಬೆಳ್ಳಿಗಿಂತ ಕೀಳು. ವರುಷ ಕಳೆದಂತೆ ಬೆರಕೆ ಹೆಚ್ಚುತ್ತಲೇ ಹೋಯಿತು. ಹೆನ್ರಿಯ ಕಡೆಗಾಲಕ್ಕೆ ಅವುಗಳಲ್ಲಿ ಬೆಳ್ಳಿಗಿಂತ ತಾಮ್ರವೇ ಮಿಗಿಲಾಗಿದ್ದಿತು. ಇವನ್ನು ಇಂಗ್ಲೆಂಡಿಗೆ ತರಕೂಡದೆಂದು ಆಜ್ಞೆಯೂ ಆಯಿತು. ನಾಣ್ಯವನ್ನು ಕೈಗೆ ತೆಗೆದುಕೊಂಡೊಡನೆ ಹಾರ್ಪನ್ನು ಕಂಡು, ಇದು ಐರ್ಲೆಂಡಿನದು, ಇಲ್ಲಿ ಸಲ್ಲದು ಎಂದು ಲಂಡನ್ನಿನ ಚಿನಿವಾರನು ಹಿಂದಕ್ಕೆ ತಳ್ಳಬಹುದಾಗಿದ್ದಿತು. ಒಂದು ನಾಡಿನ ಹೆಮ್ಮೆಯ ವಾದ್ಯ ಆ ನಾಡಿನ ಹಣದ ಕೀಳುತನಕ್ಕೆ ಗುರುತಾಯಿತು.

ಎಲಿಜಬೆತ್ ರಾಣಿಯ ಬೆರಕೆ ನಾಣ್ಯ ಇದೇ ದಾರಿಯ ಮುಂದಿನ ಹೆಜ್ಜೆ. ಅದರ ಗತಿಯೇನಾಯಿತೆಂಬುದನ್ನೂ ಇಲ್ಲಿಯೇ ಹೇಳಬಹುದು. ಯುದ್ಧ ಮುಗಿದು ಜೇಮ್ಸ್ ದೊರೆ ಪಟ್ಟಕ್ಕೆ ಬಂದ ವರ್ಷವೇ, ಅಂದರೆ 1603ರಲ್ಲಿ, ಆ ಷಿಲ್ಲಿಂಗಿನ ಬೆಲೆಯನ್ನು ಮೂರರಲ್ಲೊಂದು ಪಾಲಿಗೆ ಇಳಿಸಲಾಯಿತು. ದೊರೆಯ ಮಾತಿನಿಂದ ಏರಿದ ಬೆಲೆ ದೊರೆಯ ಮಾತಿನಿಂದಲೇ ಇಳಿಯಿತು. ನಡುವೆ ಅದನ್ನು ಕೂಡಿಟ್ಟವನು, ಸಂಬಳವಾಗಿ ಪಡೆದ ಬಡ ಸೈನಿಕನು, ಕೈಸುಟ್ಟುಕೊಂಡನು.

ತಟ್ಟೆ ಬಟ್ಟಲುಗಳ ನಾಣ್ಯ, ಫಿರಂಗಿಯ ನಾಣ್ಯ

1641ರಲ್ಲಿ ಐರ್ಲೆಂಡಿನಲ್ಲಿ ದೊಡ್ಡ ದಂಗೆಯೆದ್ದಿತು. ಡಬ್ಲಿನ್ನಿನ ಸರಕಾರದ ಬಳಿ ಸೈನ್ಯಕ್ಕೆ ಕೊಡಲು ಹಣವಿರಲಿಲ್ಲ. ಆಗ ಊರಿನ ಜನರು ತಮ್ಮ ಮನೆಗಳ ಬೆಳ್ಳಿಯ ತಟ್ಟೆ, ಬಟ್ಟಲು, ಹೂಜಿಗಳನ್ನು ತಂದೊಪ್ಪಿಸಬೇಕಾಯಿತು. ಮೊದಮೊದಲು ಅವನ್ನು ಅಡ್ಡಾದಿಡ್ಡಿಯಾಗಿ ಕತ್ತರಿಸಿ ಮೇಲೆ ತೂಕವನ್ನು ಮಾತ್ರ ಒತ್ತುತ್ತಿದ್ದರು. 1643ರಲ್ಲಿ ಹೊರಟ ದುಂಡು ನಾಣ್ಯಗಳ ಮೇಲೆ ಕಿರೀಟ, ಚಾರಲ್ಸ್ ದೊರೆಯ ಹೆಸರಿನ ಎರಡು ಅಕ್ಷರ, ಹಿಂಬದಿಯಲ್ಲಿ ಬೆಲೆ; ಇಷ್ಟೇ. ರಾಜನ ಪಕ್ಷದ ಮುಖಂಡನಾದ ಆರ್ಮಂಡನ ಹೆಸರಿನಿಂದ ಇವನ್ನು ‘ಆರ್ಮಂಡ್ ನಾಣ್ಯ’ಗಳೆನ್ನುವರು. ಯಾರ ಮನೆಯ ಮದುವೆಯ ಉಡುಗೊರೆಯೋ, ಯಾವ ಮಗುವಿಗೆ ಹಾಲು ಕುಡಿಸಿದ ಬಟ್ಟಲೋ, ಕುಲುಮೆಯಲ್ಲಿ ಕರಗಿ ಸಿಪಾಯಿಯ ಜೇಬನ್ನು ಸೇರಿತು. ನೋಡಲು ಒರಟಾದ ಈ ನಾಣ್ಯಗಳಿಗೆ ಇಂದು ಸಂಗ್ರಾಹಕರು ಕೊಡುವ ಬೆಲೆ ಸುಂದರವಾದ ಎಷ್ಟೋ ನಾಣ್ಯಗಳಿಗೆ ಇಲ್ಲ.

ಬೆಳ್ಳಿಯೇ ಇಲ್ಲದ ಇನ್ನೊಂದು ನಾಣ್ಯವನ್ನು ಬಿಟ್ಟರೆ ಈ ಬೆಳ್ಳಿಯ ಕಥೆ ಪೂರ್ಣವಾಗದು. 1689ರಲ್ಲಿ, ಇಂಗ್ಲೆಂಡಿನ ಸಿಂಹಾಸನವನ್ನು ಕಳೆದುಕೊಂಡ ಎರಡನೆಯ ಜೇಮ್ಸ್ ಐರ್ಲೆಂಡಿನಲ್ಲಿ ನೆಲೆಯೂರಿ, ಅಳಿಯನಾದ ವಿಲಿಯಮ್ಮನ ಮೇಲೆ ಯುದ್ಧ ಹೂಡಿದನು. ಹಳೆಯ ಫಿರಂಗಿಗಳು, ಒಡೆದ ಗಂಟೆಗಳು, ಅಡಿಗೆಮನೆಯ ಹಿತ್ತಾಳೆ ಪಾತ್ರೆಗಳು ಎಲ್ಲವನ್ನೂ ಕರಗಿಸಿ ಡಬ್ಲಿನ್, ಲಿಮರಿಕ್ ನಗರಗಳಲ್ಲಿ ನಾಣ್ಯ ಮಾಡಿಸಿದನು. ಯುದ್ಧ ಮುಗಿದ ಮೇಲೆ ಇವನ್ನು ಹಂತಹಂತವಾಗಿ ಒಳ್ಳೆಯ ಹಣಕ್ಕೆ ಬದಲಾಯಿಸಿಕೊಡುವುದಾಗಿ ವಾಗ್ದಾನವಿದ್ದಿತು. ಅದಕ್ಕಾಗಿಯೇ ಇವುಗಳ ಮೇಲೆ ವರ್ಷದೊಡನೆ ತಿಂಗಳ ಹೆಸರೂ ಇದೆ. ಇದರಲ್ಲೊಂದು ತಮಾಷೆಯುಂಟು. ಆಗ ಹೊಸ ವರ್ಷ ಮಾರ್ಚಿ 25ರಂದು ತೊಡಗುತ್ತಿದ್ದುದರಿಂದ, ಒಂದೇ ಮಾರ್ಚಿ ತಿಂಗಳಿನಲ್ಲಿ ಹುಟ್ಟಿದ ನಾಣ್ಯಗಳ ಮೇಲೆ 1689 ಎಂದೂ ಇದೆ, 1690 ಎಂದೂ ಇದೆ!

1690ರ ಜುಲೈ ತಿಂಗಳಿನಲ್ಲಿ ಬಾಯ್ನ್ ನದಿಯ ತೀರದಲ್ಲಿ ಜೇಮ್ಸ್ ಸೋತು ಓಡಿದನು. ಗೆದ್ದ ವಿಲಿಯಮ್ ಕೂಡಲೇ ಹೊರಡಿಸಿದ ಆಜ್ಞೆಯಂತೆ, ಮೂವತ್ತು ಪೆನ್ನಿಯ ದೊಡ್ಡ ಅರ್ಧ ಕ್ರೌನ್ ನಾಣ್ಯದ ಬೆಲೆ ಒಂದು ಪೆನ್ನಿ. ರಾತ್ರಿ ಮಲಗುವಾಗ ಮೂವತ್ತು ಇದ್ದುದು ಬೆಳಗಾಗುವಷ್ಟರಲ್ಲಿ ಒಂದಾಯಿತು. ಮರುವರ್ಷ ಅದೂ ಇಲ್ಲವಾಯಿತು. ಮಾತೇ ಬೆಲೆಯಾದ ನಾಣ್ಯಕ್ಕೆ, ಮಾತು ಕೊಟ್ಟವನು ಸೋತಾಗ ಏನಾಗುವುದೆಂಬುದಕ್ಕೆ ಈ ‘ಫಿರಂಗಿ ನಾಣ್ಯ’ಕ್ಕಿಂತ ಬೇರೆ ದೃಷ್ಟಾಂತ ಬೇಕಿಲ್ಲ.

ಮದರಾಸಿನ ಕಾಸಿನ ನೆಂಟಸ್ತನ

ಹದಿನೆಂಟನೆಯ ಶತಮಾನವೆಲ್ಲ ಐರ್ಲೆಂಡಿನ ಜನ ಬಹುತೇಕ ತಾಮ್ರದ ಚಿಲ್ಲರೆಯಲ್ಲಿಯೇ ಕಾಲ ಕಳೆದರು. ಲೆಕ್ಕವೂ ತೊಡಕಿನದೇ. ಐರ್ಲೆಂಡಿನ ಹದಿಮೂರು ಪೆನ್ನಿ ಇಂಗ್ಲೆಂಡಿನ ಹನ್ನೆರಡು ಪೆನ್ನಿಗೆ ಸಮ. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಬೆಳ್ಳಿಯ ಅಭಾವ ತೀರ ಹೆಚ್ಚಿತು. ಆಗ ಬ್ಯಾಂಕ್ ಆಫ್ ಐರ್ಲೆಂಡ್ ಸಂಸ್ಥೆ 1804ರಲ್ಲಿ ಆರು ಷಿಲ್ಲಿಂಗಿನ ಬೆಳ್ಳಿ ‘ಟೋಕನ್’ಗಳನ್ನು ಹೊರಡಿಸಿತು. ಇವಕ್ಕೆ ಹೊಸ ಬೆಳ್ಳಿಯನ್ನು ಹುಡುಕಲಿಲ್ಲ. ಸ್ಪೇನ್ ದೇಶದ ಡಾಲರುಗಳನ್ನೇ ತಂದು ಅವುಗಳ ಮೇಲೆ ಹೊಸ ಮುದ್ರೆಯನ್ನು ಬಲವಾಗಿ ಒತ್ತಿದರು. ಕೆಲವು ಟೋಕನ್‌ಗಳನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಹೊಸ ಮುದ್ರೆಯ ಅಡಿಯಲ್ಲಿ ಸ್ಪೇನಿನ ದೊರೆಯ ಹಳೆಯ ಮುದ್ರೆಯ ಸುಳಿವು ಕಾಣುತ್ತದೆ. ಅಂತಹ ನಾಣ್ಯ ಕೈಗೆ ಸಿಕ್ಕಿದರೆ ಸಂಗ್ರಾಹಕನಿಗೆ ಹಬ್ಬ.

ಈ ಕೆಲಸ ನಡೆದುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಬಳಿ, ಮ್ಯಾಥ್ಯೂ ಬೌಲ್ಟನ್ನನ ಸೋಹೋ ಟಂಕಸಾಲೆಯಲ್ಲಿ. ಅಲ್ಲಿಯ ಅಚ್ಚಿನ ಯಂತ್ರಗಳು ಉಗಿಯ ಬಲದಿಂದ ನಡೆಯುತ್ತಿದ್ದುವು. ಇದಕ್ಕೆ ಒಂದು ವರ್ಷ ಮುಂಚೆ, 1803ರಲ್ಲಿ, ಈಸ್ಟ್ ಇಂಡಿಯಾ ಕಂಪೆನಿ ಮದರಾಸು ಪ್ರಾಂತಕ್ಕಾಗಿ ತಾಮ್ರದ ಕಾಸುಗಳನ್ನು ಅಚ್ಚು ಹಾಕಿಸಿದುದೂ ಇದೇ ಸಾಲೆಯಲ್ಲಿ. ಆ ವರ್ಷದ ಹತ್ತು ಕಾಸು, ಇಪ್ಪತ್ತು ಕಾಸುಗಳ ನಾಣ್ಯ ಯಾರ ಮನೆಯ ಹಳೆಯ ಪೆಟ್ಟಿಗೆಯಲ್ಲಾದರೂ ಇದ್ದರೆ, ಅದೂ ಐರ್ಲೆಂಡಿನ ಟೋಕನ್ನೂ ಒಂದೇ ತವರಿನವು.

1826ರಲ್ಲಿ ಐರ್ಲೆಂಡಿನ ಹಣವನ್ನು ಇಂಗ್ಲೆಂಡಿನ ಹಣದಲ್ಲಿ ವಿಲೀನಗೊಳಿಸಲಾಯಿತು. ಅದಕ್ಕೆ ಮೊದಲೇ, 1823ರ ತಾಮ್ರದ ನಾಣ್ಯದೊಡನೆ, ಐರ್ಲೆಂಡಿಗೆಂದು ಅಚ್ಚು ಹಾಕುವುದು ನಿಂತಿತ್ತು. ಒಂದು ನೂರು ವರ್ಷಗಳಿಗೂ ಮಿಕ್ಕಿ ಹಾರ್ಪಿನ ನಾಣ್ಯ ಹುಟ್ಟಲಿಲ್ಲ.

ಕವಿಯ ಅಧ್ಯಕ್ಷತೆಯಲ್ಲಿ

1922ರಲ್ಲಿ ಐರಿಷ್ ಸ್ವತಂತ್ರ ರಾಜ್ಯ ಸ್ಥಾಪಿತವಾಯಿತು. 1926ರಲ್ಲಿ ನಾಣ್ಯದ ಕಾಯಿದೆ ಬಂದಿತು. ಹೊಸ ನಾಡಿನ ನಾಣ್ಯ ಹೇಗಿರಬೇಕೆಂದು ಸಲಹೆ ಮಾಡಲು ಒಂದು ಸಮಿತಿಯನ್ನು ನೇಮಿಸಿದರು. ಅದರ ಅಧ್ಯಕ್ಷರು ಬೊಕ್ಕಸದ ಅಧಿಕಾರಿಯಲ್ಲ, ಬ್ಯಾಂಕಿನವರಲ್ಲ, ಕವಿ ಡಬ್ಲ್ಯು. ಬಿ. ಯೇಟ್ಸ್. ರವೀಂದ್ರನಾಥ ಠಾಕೂರರ ಇಂಗ್ಲಿಷ್ ಗೀತಾಂಜಲಿಗೆ ಮುನ್ನುಡಿ ಬರೆದವರೆಂದು ನಮ್ಮ ವಾಚಕರಿಗೆ ಅವರು ಪರಿಚಿತರೇ. ಆಗ ಅವರು ಐರ್ಲೆಂಡಿನ ಸೆನೆಟ್ ಸಭೆಯ ಸದಸ್ಯರಾಗಿದ್ದರು.

ಸಮಿತಿ ಕೆಲವು ನಿಯಮಗಳನ್ನು ಮಾಡಿತು. ಮುಂಬದಿಯಲ್ಲಿ ಹಾರ್ಪ್ ಇರಬೇಕು. ಬರಹ ಐರಿಷ್ ಭಾಷೆಯಲ್ಲಿಯೇ ಇರಬೇಕು. ಈ ಕಾಲದ ಯಾರ ಮುಖವೂ ಕೂಡದು. ಹಿಂಬದಿಗೆ ರಾಜರೂ ಬೇಡ, ವೀರರೂ ಬೇಡ. ರೈತನ ಮನೆಯಂಗಳದಲ್ಲಿಯೂ, ಹೊಲದಲ್ಲಿಯೂ, ಹೊಳೆಯಲ್ಲಿಯೂ ಕಾಣುವ ಪ್ರಾಣಿಗಳು ಸಾಕು. ಪುರಾತನ ಗ್ರೀಕರ ನಾಣ್ಯಗಳಲ್ಲಿ ಕುದುರೆ, ಗೂಳಿ, ಮೊಲಗಳು ಎಷ್ಟು ಸೊಗಸಾಗಿ ಮೂಡಿವೆಯೆಂಬುದನ್ನು ತೋರಿಸಲು ಅವುಗಳ ಚಿತ್ರಗಳನ್ನು ಶಿಲ್ಪಿಗಳಿಗೆ ಕಳುಹಿಸಲಾಯಿತು. ಐರ್ಲೆಂಡ್, ಇಂಗ್ಲೆಂಡ್, ಸ್ವೀಡನ್, ಇಟಲಿ, ಅಮೆರಿಕಗಳ ಶಿಲ್ಪಿಗಳು ಸ್ಪರ್ಧಿಸಿದರು. ಶಿಲ್ಪಿಗಳ ಹೆಸರನ್ನು ಮರೆಮಾಡಿ ಮಾದರಿಗಳನ್ನು ಪರೀಕ್ಷಿಸಲಾಯಿತು. ಆರಿಸಿದ ಮೇಲೆ ನೋಡಿದರೆ ಅವು ಪರ್ಸಿ ಮೆಟ್ಕಾಫ್ ಎಂಬವರವು, ಅವರು ಇಂಗ್ಲೆಂಡಿನವರು! ಆದರೂ ತೀರ್ಮಾನವನ್ನು ಬದಲಾಯಿಸಲಿಲ್ಲ.

1928ರ ಡಿಸೆಂಬರಿನಲ್ಲಿ ನಾಣ್ಯಗಳು ಹೊರಬಿದ್ದುವು. ಬೆಳ್ಳಿಯವು ಮೂರು: ಅರ್ಧ ಕ್ರೌನಿನ ಮೇಲೆ ಕುದುರೆ, ಎರಡು ಷಿಲ್ಲಿಂಗಿನ ಫ್ಲಾರಿನ್ ಮೇಲೆ ಸಾಲ್ಮನ್ ಮೀನು, ಷಿಲ್ಲಿಂಗಿನ ಮೇಲೆ ಗೂಳಿ. ನಿಕ್ಕಲಿನ ಆರು ಪೆನ್ನಿಗೆ ಬೇಟೆನಾಯಿ, ಮೂರು ಪೆನ್ನಿಗೆ ಮೊಲ. ಕಂಚಿನ ಪೆನ್ನಿಗೆ ಮರಿಗಳೊಡನೆ ಕೋಳಿ. ಪಶುಪಾಲನೆಯ ಪರಿಣತರು ಮೊದಲೇ ಕುದುರೆ, ಗೂಳಿ, ಹಂದಿಗಳ ಮೈಕಟ್ಟನ್ನು ಪರೀಕ್ಷಿಸಿ ಕೆಲವು ತಿದ್ದುಪಡಿಗಳನ್ನು ಮಾಡಿಸಿದ್ದರು. ಕವಿಗಳಿಗೆ ಇದು ಅಷ್ಟಾಗಿ ರುಚಿಸಲಿಲ್ಲ. ದೇವರ ಹೆಸರಿಲ್ಲ, ಸಂತರ ಗುರುತಿಲ್ಲ, ಬರಿಯ ಮೃಗಗಳೇ ಎಂದು ಗೊಣಗಿದವರೂ ಉಂಟು. ಕೆಲವೇ ದಿನಗಳಲ್ಲಿ ಗೊಣಗಾಟ ಅಡಗಿತು. ಪ್ರಾಣಿಗಳು ಜನರ ಮನಸ್ಸನ್ನು ಗೆದ್ದುವು.

ಈ ನಾಣ್ಯಗಳಲ್ಲಿ ಇನ್ನೊಂದು ಸಂಗತಿ ಅಡಗಿದೆ. ಇಂಗ್ಲೆಂಡು 1920ರಲ್ಲಿ ತನ್ನ ಬೆಳ್ಳಿ ನಾಣ್ಯದ ಅಪ್ಪಟತನವನ್ನು ನೂರಕ್ಕೆ ಐವತ್ತಕ್ಕೆ ಇಳಿಸಿದ್ದಿತು. ಐರ್ಲೆಂಡಿನ ಹೊಸ ನಾಣ್ಯದಲ್ಲಿದ್ದ ಬೆಳ್ಳಿ ನೂರಕ್ಕೆ ಎಪ್ಪತ್ತೈದು. ತೂಕ ಎರಡು ದೇಶಗಳಲ್ಲಿಯೂ ಒಂದೇ. ಎಂಟನೆಯ ಹೆನ್ರಿಯ ಕಾಲದಲ್ಲಿ ಕೀಳು ಹಣದ ಗುರುತಾಗಿದ್ದ ಹಾರ್ಪ್, ಸುಮಾರು ನಾಲ್ಕು ನೂರು ವರ್ಷಗಳ ಮೇಲೆ ನೆರೆಯವರ ನಾಣ್ಯಕ್ಕಿಂತ ಮೇಲಾದ ಬೆಳ್ಳಿಯ ಮೇಲೆ ನಿಂತಿತು. ಯಾವ ಭಾಷಣವೂ ಇಲ್ಲದೆ ಒಂದು ಹಳೆಯ ಲೆಕ್ಕ ಚುಕ್ತಾ ಆಯಿತು.

ಬೆಲೆಯ ಮಾತು

ಇಂದು ಇಂತಹ ನಾಣ್ಯದ ಬೆಲೆಯೇನು ಎಂದು ವಾಚಕರು ಕೇಳಬಹುದು. ಉತ್ತರ ಮೂರು ಬಗೆಯದು. ಮೊದಲನೆಯದು ಮುಖಬೆಲೆ. ಐರ್ಲೆಂಡು 1971ರಲ್ಲಿ ದಶಮಾಂಶ ಪದ್ಧತಿಗೂ, 2002ರಲ್ಲಿ ಯೂರೋ ನಾಣ್ಯಕ್ಕೂ ಬದಲಾಯಿಸಿಕೊಂಡಿತು. ಹಳೆಯ ಷಿಲ್ಲಿಂಗು, ಅರ್ಧ ಕ್ರೌನುಗಳನ್ನು ಕೊಟ್ಟು ಅಂಗಡಿಯಲ್ಲಿ ಏನನ್ನೂ ಕೊಳ್ಳುವಂತಿಲ್ಲ. ಎರಡನೆಯದು ಬೆಳ್ಳಿಯ ಬೆಲೆ. 14.1 ಗ್ರಾಂ ತೂಗುವ ಅರ್ಧ ಕ್ರೌನಿನಲ್ಲಿ ಸುಮಾರು 10.6 ಗ್ರಾಂ ಶುದ್ಧ ಬೆಳ್ಳಿಯಿದೆ; 11.3 ಗ್ರಾಮಿನ ಫ್ಲಾರಿನ್ನಿನಲ್ಲಿ ಸುಮಾರು 8.5 ಗ್ರಾಂ. ಆ ದಿನದ ಪೇಟೆಯ ದರದಿಂದ ಗುಣಿಸಿದರೆ ಲೆಕ್ಕ ಸಿಕ್ಕುವುದು. ಇಲ್ಲಿ ಇಸವಿಯನ್ನು ನೋಡುವುದು ಮುಖ್ಯ. 1928ರಿಂದ 1943ರವರೆಗಿನವು ಮಾತ್ರ ಬೆಳ್ಳಿ; 1951ರಿಂದ ಅದೇ ಕುದುರೆ, ಅದೇ ಮೀನು, ಅದೇ ಗೂಳಿ ತಾಮ್ರ ನಿಕ್ಕಲಿನ ಮಿಶ್ರಲೋಹದಲ್ಲಿ ಬಂದುವು. ನಮ್ಮ ರೂಪಾಯಿಯೂ 1940ರಲ್ಲಿ ಅರ್ಧ ಬೆಳ್ಳಿಯಾಗಿ, 1947ರಲ್ಲಿ ನಿಕ್ಕಲ್ ಆದುದನ್ನು ಹಿರಿಯರಿಂದ ಕೇಳಿದವರಿಗೆ ಇದು ಹೊಸದೇನಲ್ಲ.

ಮೂರನೆಯದು ಸಂಗ್ರಾಹಕನ ಬೆಲೆ, ಇದಕ್ಕೆ ತಕ್ಕಡಿಯಿಲ್ಲ. 1937ರಲ್ಲಿ ಅಚ್ಚಾದ ಅರ್ಧ ಕ್ರೌನುಗಳು ನಲವತ್ತು ಸಾವಿರ ಮಾತ್ರ; ಆದುದರಿಂದ ಸವಕಲಾಗದ ಪ್ರತಿಗೆ ಒಳ್ಳೆಯ ಬೆಲೆ. 1943ರ ಕಥೆ ಇನ್ನೂ ಸ್ವಾರಸ್ಯವಾದುದು. ಆ ವರ್ಷದ ಅರ್ಧ ಕ್ರೌನುಗಳನ್ನೂ ಫ್ಲಾರಿನ್‌ಗಳನ್ನೂ ಅಚ್ಚು ಹಾಕಿದರೂ ಚಲಾವಣೆಗೆ ಬಿಡದೆ ಬಹುಪಾಲನ್ನು ಕರಗಿಸಿಬಿಟ್ಟರು. ಹೇಗೋ ಕೆಲವು ತಪ್ಪಿಸಿಕೊಂಡುವು. ಅವುಗಳಲ್ಲಿಯೂ ಫ್ಲಾರಿನ್ ಅತಿ ವಿರಳ. 1942ರ ಫ್ಲಾರಿನ್ನಿಗೂ 1943ರದಕ್ಕೂ ಬೆಳ್ಳಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ; ಬೆಲೆಯಲ್ಲಿ ಅಜಗಜಾಂತರ. ಬೆಲೆ ಇಷ್ಟು ಏರಿದಲ್ಲಿ ಖೋಟಾ ನಾಣ್ಯವೂ ಹುಟ್ಟುವುದು ಸಹಜ. ಇಂತಹುದನ್ನು ಬಲ್ಲವರಿಗೆ ತೋರಿಸದೆ ಕೊಳ್ಳಬಾರದು.

ಗೃಹಿಣಿಯರಿಗೆ ಒಂದು ಎಚ್ಚರಿಕೆಯ ಮಾತು. ಹಳೆಯ ನಾಣ್ಯ ಯಾವ ದೇಶದ್ದೇ ಆಗಲಿ, ಕಪ್ಪಾಗಿದೆಯೆಂದು ಹುಣಸೆಹಣ್ಣನ್ನೋ ವಿಭೂತಿಯನ್ನೋ ಹಚ್ಚಿ ಉಜ್ಜಬೇಡಿ. ದೇವರ ಮನೆಯ ಬೆಳ್ಳಿಗೆ ಸಲ್ಲುವ ಉಪಚಾರ ನಾಣ್ಯಕ್ಕೆ ಸಲ್ಲದು. ಆ ಕಪ್ಪು ಕಾಲ ಹೊದಿಸಿದ ಹೊದಿಕೆ. ಅದನ್ನು ಕಿತ್ತರೆ ಮುದ್ರೆಯ ನವುರು ಗೆರೆಗಳೂ ಅಳಿಯುತ್ತವೆ, ಬೆಲೆಯೂ ಅಳಿಯುತ್ತದೆ. ಅಂಚನ್ನು ಹಿಡಿದು ನೋಡಿ, ಒಣಗಿದ ಕಾಗದದಲ್ಲಿ ಸುತ್ತಿಡುವುದೇ ಲೇಸು.

ಕಡೆಯ ದೊಡ್ಡ ಬೆಳ್ಳಿ

ದಿನಬಳಕೆಗೆಂದು ಐರ್ಲೆಂಡು ಹೊರಡಿಸಿದ ಕಡೆಯ ಬೆಳ್ಳಿ ನಾಣ್ಯ 1966ರದು. 1916ರ ಈಸ್ಟರ್ ಬಂಡಾಯಕ್ಕೆ ಐವತ್ತು ವರ್ಷ ತುಂಬಿದ ನೆನಪಿಗೆ ಹತ್ತು ಷಿಲ್ಲಿಂಗಿನ ನಾಣ್ಯವನ್ನು ಮಾಡಿದರು. ಬೆಳ್ಳಿ ನೂರಕ್ಕೆ ಎಂಬತ್ತಮೂರಕ್ಕಿಂತ ಹೆಚ್ಚು. ಒಂದು ಕಡೆ ಬಂಡಾಯದ ನಾಯಕ ಪ್ಯಾಟ್ರಿಕ್ ಪಿಯರ್ಸ್. ಇನ್ನೊಂದು ಕಡೆ ಪುರಾಣವೀರ ಕುಹುಲಿನ್ ಮರಣಕಾಲದ ಪ್ರತಿಮೆ. ಎಲ್ಲವೂ ಉದಾತ್ತವೇ, ಆದರೆ ಹಾರ್ಪ್ ಇರಲಿಲ್ಲ. ಜನರೇಕೋ ಈ ನಾಣ್ಯವನ್ನು ಕೈಯಾಡಲು ಒಪ್ಪಲಿಲ್ಲ. ಹತ್ತು ಷಿಲ್ಲಿಂಗಿನ ನೋಟನ್ನೇ ಬಯಸಿದರು. ಅಚ್ಚಾದ ಇಪ್ಪತ್ತು ಲಕ್ಷದಲ್ಲಿ ಹನ್ನೆರಡು ಲಕ್ಷಕ್ಕೂ ಹೆಚ್ಚು ನಾಣ್ಯಗಳು ಕಡೆಗೆ ಕುಲುಮೆಗೆ ಹಿಂದಿರುಗಿದುವು. ಬ್ರೆಟ್ಟನ ಕಾಲದ ಜನರಿಗೆ ಬೆರಕೆ ನಾಣ್ಯವನ್ನು ನಿರಾಕರಿಸುವ ಹಕ್ಕಿರಲಿಲ್ಲ. ಅವರ ಸಂತತಿಯವರು ಒಳ್ಳೆಯ ಬೆಳ್ಳಿಯನ್ನೇ ಬೇಡವೆಂದು ಹಿಂದಿರುಗಿಸಿದರು. ನಾಣ್ಯಕ್ಕೆ ದೊರೆಯ ಮಾತೂ ಬೇಕು, ಲೋಹವೂ ಬೇಕು. ಇವೆರಡೂ ಇದ್ದರೂ ಅದನ್ನು ನಡೆಸುವವರು ಜನರು.

ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಒಂದು ಪ್ರಾಚೀನ ಹಾರ್ಪನ್ನು ಕಾಪಾಡಿಟ್ಟಿದ್ದಾರೆ. ಜನ ಅದನ್ನು ಬ್ರಿಯಾನ್ ಬೊರುವಿನ ಹಾರ್ಪ್ ಎನ್ನುತ್ತಾರೆ. ವಾಸ್ತವವಾಗಿ ಅದು ಅವನಿಗಿಂತ ಎಷ್ಟೋ ಶತಮಾನಗಳ ಈಚಿನದು. 1928ರ ನಾಣ್ಯಗಳಿಗೆ ಮಾದರಿಯಾದುದು ಅದೇ. ಐರ್ಲೆಂಡಿನಲ್ಲಿ ಅಚ್ಚಾಗುವ ಯೂರೋ ನಾಣ್ಯಗಳ ಮೇಲೂ ಇರುವುದು ಹಾರ್ಪೇ. ಸಿಟ್ರಿಕ್ ನಾಣ್ಯವನ್ನು ತಂದನು. ಅವನ ಎದುರಾಳಿಯ ಹೆಸರಿನ ವಾದ್ಯ ನಾಣ್ಯದ ಮೇಲೆ ಉಳಿಯಿತು. ಸಿಟ್ರಿಕ್ ಕಟ್ಟಿಸಿದ ಚರ್ಚು ಹಲವು ಸಲ ಹೊಸರೂಪ ತಳೆದು ಇನ್ನೂ ನಿಂತಿದೆ. ಅದರೊಳಗೆ ಸ್ಟ್ರಾಂಗ್‌ಬೋ ಸರದಾರನದೆನ್ನುವ ಗೋರಿಯೂ ಇದೆ. ಅಲ್ಲಿ ಈಗ ಯಾರೂ ಹಣ ಎಣಿಸುವುದಿಲ್ಲ.